ಖಂಡ ಮುಗಿಯುವುದು ದಡದಲ್ಲಲ್ಲ

ಕೇಳುಗರಿಗೆ ನಮಸ್ಕಾರ.

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲು ನೀರು, 29 ಪಾಲು ನೆಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಲೆಕ್ಕ ಸರಿಯೇ. ಆದರೆ ಅದು ನೀರು ಎಲ್ಲಿಯವರೆಗೆ ನಿಂತಿದೆ ಎಂಬುದರ ಲೆಕ್ಕ. ಖಂಡ ಎಲ್ಲಿಯವರೆಗಿದೆ ಎಂಬುದು ಬೇರೆಯೇ ಮಾತು.

ಖಂಡಗಳ ಶಿಲೆ ಬಹುಪಾಲು ಗ್ರಾನೈಟ್ ಜಾತಿಯದು. ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಕ, ದಪ್ಪ ಸಾಮಾನ್ಯವಾಗಿ 30ರಿಂದ 40 ಕಿಲೋಮೀಟರ್. ಸಾಗರದ ತಳ ಬಸಾಲ್ಟ್ ಶಿಲೆ. ತೂಕ 3 ಗ್ರಾಂ ಹತ್ತಿರ, ದಪ್ಪ ಬರೀ 7 ಕಿಲೋಮೀಟರ್. ಎರಡೂ ಅವುಗಳ ಕೆಳಗಿರುವ, ಇನ್ನೂ ಭಾರವಾದ ಶಿಲೆಯ ಪದರ ಮ್ಯಾಂಟಲ್ ಮೇಲೆ ತೇಲುತ್ತಿವೆ. ದಪ್ಪಗೆ, ಹಗುರವಾಗಿರುವುದು ಎತ್ತರದಲ್ಲಿ ನಿಲ್ಲುತ್ತದೆ. ತೆಳುವಾಗಿ, ಭಾರವಾಗಿರುವುದು ತಗ್ಗಿಗೆ ಇಳಿಯುತ್ತದೆ. ಹಾಗಾಗಿಯೇ ನೆಲದ ಸರಾಸರಿ ಎತ್ತರ ಸುಮಾರು 840 ಮೀಟರ್, ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಈ ತಗ್ಗು ತುಂಬಿ ಮಿಕ್ಕ ನೀರು ಖಂಡಗಳ ಅಂಚಿನ ಮೇಲೂ ಹರಡಿಕೊಂಡಿದೆ.

ಮುಳುಗಿದ ಆ ಅಂಚೇ ಖಂಡಾವರಣ. ಪಶ್ಚಿಮ ಕರಾವಳಿಯಲ್ಲಿ ಅದು ಮುಂಬಯಿ ಕಡೆ ತುಂಬ ಅಗಲ, ತೆಂಕಣಕ್ಕೆ ಬಂದಂತೆ ಕಿರಿದು. 1974ರಲ್ಲಿ ತೈಲ ಸಿಕ್ಕ ಬಾಂಬೆ ಹೈ ದಡದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದ್ದರೂ ಅಲ್ಲಿ ನೀರಿನ ಆಳ 75 ಮೀಟರ್ ಆಸುಪಾಸು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ 120 ಮೀಟರಿನಷ್ಟು ಕೆಳಗಿತ್ತು. ಈಗ ತೈಲ ತೆಗೆಯುವ ಜಾಗ ಆಗ ನಡೆದು ಹೋಗಬಹುದಾದ ನೆಲ!

ಹಿಂದೊಮ್ಮೆ ಒಂದಾಗಿದ್ದು ಆಮೇಲೆ ಬೇರೆಯಾದ ಖಂಡಗಳನ್ನು ಕಾಗದದಲ್ಲಿ ಕತ್ತರಿಸಿ ಜೋಡಿಸುವ ಮಕ್ಕಳು ಎಡವುವುದು ಇಲ್ಲೇ. ದಡದ ಗೆರೆಗೆ ಕತ್ತರಿಸಿದರೆ ನಡುವೆ ಸಂದು ಬೀಳುತ್ತದೆ. ಗೋಡೆಯ ಭೂಪಟವನ್ನೂ ನಂಬಬೇಡಿ, ಅದರಲ್ಲಿ ಧ್ರುವದ ಕಡೆಯ ನೆಲ ಹಿಗ್ಗಿರುತ್ತದೆ. ಕಡಲ ಆಳ ಗುರುತಿಸಿರುವ ಗೋಳದ ಮೇಲೆ ತೆಳು ಕಾಗದ ಒತ್ತಿ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಸುತ್ತ ಸುಮಾರು 900 ಮೀಟರ್ ಆಳದ ಗೆರೆ ಎಳೆದು, ಅದಕ್ಕೆ ಕತ್ತರಿಸಿ. 1965ರಲ್ಲಿ ಭೂಭೌತ ವಿಜ್ಞಾನಿ ಎಡ್ವರ್ಡ್ ಬುಲ್ಲಾರ್ಡ್ ಮತ್ತು ಸಂಗಡಿಗರು ಕಂಪ್ಯೂಟರಿನಿಂದ ಜೋಡಿಸಿದ್ದು ಹೆಚ್ಚುಕಡಿಮೆ ಇದೇ ಆಳದಲ್ಲಿ. ಆಫ್ರಿಕಾದ ನೈಜರ್ ನದಿಯ ಮುಖಜಭೂಮಿ ಮಾತ್ರ ದಕ್ಷಿಣ ಅಮೆರಿಕದ ಮೇಲೆ ಹತ್ತಿಕೊಳ್ಳುತ್ತದೆ. ಅದು ಖಂಡಗಳು ಬೇರೆಯಾದ ಮೇಲೆ ನದಿ ಸುರಿದ ಹೂಳು. ಧೈರ್ಯವಾಗಿ ಕತ್ತರಿಸಿ ಬಿಸಾಡಿ.

ನಮ್ಮ ಪಶ್ಚಿಮ ಕರಾವಳಿಯೂ ಹೀಗೆ ಒಡೆದ ಅಂಚೇ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಲಾವಾ ಶಿಲೆಗಳಿಗೆ ಒಂಬತ್ತು ಕೋಟಿ ವರ್ಷದ ಆಸುಪಾಸಿನ ವಯಸ್ಸು. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಇದೆ. ಭಾರತದಿಂದ ಅದು ಬಿಟ್ಟುಹೋದದ್ದು ಆ ಹೊತ್ತಿನಲ್ಲೇ. ನಡುವಿನ ಬಸಾಲ್ಟ್ ತಳ ಹುಟ್ಟಿದ್ದು ಆಮೇಲೆ. ಕರ್ನಾಟಕದ ಒಳನಾಡಿನ ನೈಸ್ ಎಂಬ ಪಟ್ಟೆಪಟ್ಟೆಯ ಖಂಡಶಿಲೆಗಳಿಗಾದರೋ 300 ಕೋಟಿ ವರ್ಷ ದಾಟಿದೆ.