ಕಲಿಸುವವರು ಕಲಿಯುವುದು ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನ ಶಾಲೆಗಳ ವರ್ಷ ಬೇರೆ ಜಿಲ್ಲೆಗಳ ವರ್ಷದಂತಲ್ಲ. ಶಾಲೆ ತೆರೆದು ಮಕ್ಕಳು ತರಗತಿಗೆ ಹೊಂದಿಕೊಳ್ಳುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆ ರಜೆಯನ್ನು ನಾವು ಶಿಕ್ಷಕರು ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಎಂದು ತುಂಬಿಕೊಡುತ್ತೇವೆ. ಮಳೆ ಬಿಟ್ಟು, ದಸರಾ ರಜೆ ಮುಗಿದು, ಹುತ್ತರಿ ಕಳೆಯಿತು ಎನ್ನುವಾಗ ಕಾಫಿ ಕುಯ್ಲು. ಫೆಬ್ರವರಿ, ಮಾರ್ಚ್‌ವರೆಗೂ ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಮಕ್ಕಳ ಹಾಜರಿ ಏರುಪೇರು. ಅಪ್ಪ ಅಮ್ಮ ಬೆಳಿಗ್ಗೆಯೇ ತೋಟಕ್ಕೆ ಹೋದರೆ ಪುಟ್ಟ ತಮ್ಮನನ್ನು ನೋಡಿಕೊಳ್ಳುವವರು ಯಾರು? ನಾಲ್ಕನೇ ತರಗತಿಯ ಅಕ್ಕ. ಸಿದ್ದಾಪುರ, ತಿತಿಮತಿ ಕಡೆಯಾದರೆ ಇನ್ನೊಂದು ಸೇರಿಕೊಳ್ಳುತ್ತದೆ. ಆನೆ ತೋಟದೊಳಗೆ ಇದೆ ಎಂದು ಗೊತ್ತಾದ ದಿನ ಮಗುವನ್ನು ಕಳಿಸಿ ಎನ್ನಲು ನಮಗೇ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಗೋಳು ತೋಡಿಕೊಳ್ಳಲು ಹೇಳುತ್ತಿಲ್ಲ. ಶಿಕ್ಷಕರು ವೃತ್ತಿಯಲ್ಲಿ ಬೆಳೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೆಳೆಯಬೇಕಾದದ್ದು ಯಾವ ನೆಲದಲ್ಲಿ ಎಂಬುದು ಮೊದಲು ಕಣ್ಣಿಗೆ ಬೀಳಲಿ ಎಂದು ಹೇಳಿದೆ.

ಈ ನೆಲದ ಇನ್ನೊಂದು ವಿಶೇಷ ಭಾಷೆ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಮನೆಮಾತಿನ ಮಕ್ಕಳು ಮೊದಲಿನಿಂದಲೂ ಇದ್ದರು. ಹಾಡಿಗಳಿಂದ, ಅಂದರೆ ಆದಿವಾಸಿ ವಸತಿಗಳಿಂದ, ಬರುವ ಎರವ, ಜೇನುಕುರುಬ ಮಕ್ಕಳಿದ್ದಾರೆ. ಈಗ ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬರುವ ಕುಟುಂಬಗಳ ಮಕ್ಕಳೂ ಸೇರಿದ್ದಾರೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂಬತ್ತು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಸರಿಯಾದದ್ದೇ. ಕನ್ನಡದ ಒಂದಕ್ಷರ ಗೊತ್ತಿಲ್ಲದ ಮಗು ನಾಲ್ಕನೇ ತರಗತಿಯಲ್ಲಿ ಕೂರುತ್ತದೆ. ಅದಕ್ಕೆ ವಿಶೇಷ ತರಬೇತಿ ಕೊಡಬೇಕೆಂದೂ ಕಾಯಿದೆ ಹೇಳುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆ ತರಬೇತಿ ಕೊಡುವವರು ಯಾರು ಎಂದು ಕೇಳಿದರೆ, ಒಬ್ಬರು ಇನ್ನೊಬ್ಬರ ಮುಖ ನೋಡಬೇಕು.

ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಈ ಸಭೆಗಳಲ್ಲಿ ಸಾಮಾನ್ಯವಾಗಿ ಆಗುವುದು ನಮೂನೆ ತುಂಬುವ ಕೆಲಸ. ಆಧಾರ್ ಎಷ್ಟು ಬಾಕಿ, ಸಮವಸ್ತ್ರ ಎಷ್ಟು ಬಂತು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು. ಅಂದು ಊಟಕ್ಕೆ ಮುಂಚೆ ಸ್ವಲ್ಪ ಬಿಡುವು ಸಿಕ್ಕಿತು. ಟೀಚರ್ ಒಬ್ಬರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು, “ಈ ಹುಡುಗನಿಗೆ ಏನು ಮಾಡಲಿ, ನೀವೇ ಹೇಳಿ” ಎಂದು ಮೇಜಿನ ಮೇಲಿಟ್ಟರು. ಹುಡುಗನ ಮನೆಮಾತು ಬಂಗಾಳಿ. ಬರೆದದ್ದು ಹೀಗೆ: “ನಮ್ಮ ಹಲ್ಲಿಯಲ್ಲಿ ಮಲೆ ಬಂದು ಬೆಲೆ ಹಾಲಾಯಿತು.” ನಾಲ್ಕು ಕಡೆ ಕೆಂಪು ಗೆರೆ. ಮೊದಲು ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಹಿರಿಯ ಮೇಷ್ಟ್ರೊಬ್ಬರು ಹೇಳಿದರು, “ಟೀಚರೇ, ಇಲ್ಲಿ ನಾಲ್ಕು ತಪ್ಪಿಲ್ಲ. ಇರುವುದು ಒಂದೇ, ನಾಲ್ಕು ಸಲ ಬಂದಿದೆ.”

ನೋಡಿ, ಬಂಗಾಳಿಯಲ್ಲಿ ಳಕಾರ ಇಲ್ಲ. ಆ ಹುಡುಗನ ಕಿವಿಗೆ ಹಳ್ಳಿಯೂ ಹಲ್ಲಿಯೂ ಒಂದೇ ಸದ್ದು. ಕೇಳಿಸದ ಅಕ್ಷರವನ್ನು ಕಾಪಿ ತಿದ್ದಿಸಿ ಬರೆಸಿದರೆ ಏನು ಬಂತು? ಮೊದಲು ಕಿವಿ, ಆಮೇಲೆ ನಾಲಗೆ, ಕೊನೆಗೆ ಪೆನ್ಸಿಲ್. ಅಲ್ಲೇ ಕೂತು ನಾವು ಜೋಡಿ ಚಿತ್ರಗಳ ಪಟ್ಟಿ ಮಾಡಿದೆವು: ಹಲ್ಲಿಯ ಚಿತ್ರ, ಹಳ್ಳಿಯ ಚಿತ್ರ, ಹಾಲಿನ ಲೋಟ, ಹಾಳು ಮನೆ. ಟೀಚರ್ ಹೇಳಬೇಕು, ಹುಡುಗ ಬೆರಳಿಟ್ಟು ತೋರಿಸಬೇಕು, ಅಷ್ಟೆ. ಬೆರಳು ತಪ್ಪದೆ ಹೋಗಲು ಶುರುವಾದ ಮೇಲೆ ನಾಲಗೆ ಮಡಿಸಿ ಹೇಳಿಸುವುದು. ಮಲಯಾಳ ಮನೆಮಾತಿನ ಮಕ್ಕಳಿಗೆ ಈ ಕಸರತ್ತು ಬೇಡವೇ ಬೇಡ, ಅವರ ಭಾಷೆಯಲ್ಲಿ ಳ ಇದೆ. ಎಕಾರ, ಏಕಾರದ ಕಥೆಯೂ ಹೀಗೇ. ಹ್ರಸ್ವ ಯಾವುದು, ದೀರ್ಘ ಯಾವುದು ಎಂದು ಬಂಗಾಳಿ ಹುಡುಗನ ಕಿವಿ ಬೇರೆ ಮಾಡಿ ಕೇಳುವುದಿಲ್ಲ. ತಮಿಳು ಹುಡುಗನ ಕಿವಿ ಕೇಳುತ್ತದೆ. ಒಂದೇ ತಪ್ಪು ಕಂಡರೂ ಮಗುವಿನಿಂದ ಮಗುವಿಗೆ ಕಾರಣ ಬೇರೆ, ಮದ್ದೂ ಬೇರೆ.

ನನ್ನ ಮಟ್ಟಿಗೆ ವೃತ್ತಿಯಲ್ಲಿ ಬೆಳೆಯುವುದೆಂದರೆ ಅಂದಿನ ಆ ಸ್ವಲ್ಪ ಹೊತ್ತು. ಪ್ರಮಾಣಪತ್ರ ಇಲ್ಲ, ಹಾಜರಾತಿ ಇಲ್ಲ, ಚಹಾ ಬಿಸ್ಕತ್ತೂ ಇರಲಿಲ್ಲ. ಒಬ್ಬರ ತರಗತಿಯ ಕಷ್ಟಕ್ಕೆ ಇನ್ನೊಬ್ಬರ ಅನುಭವ ಸಿಕ್ಕಿತು.

ಹಾಗಾದರೆ ತರಬೇತಿಗಳು ಬೇಡವೇ? ಬೇಕು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಕೂಡಿಗೆಯ ಡಯಟ್‌ನಲ್ಲಿ ಕೂತು ಬೇರೆ ತಾಲ್ಲೂಕಿನವರೊಡನೆ ಮಾತಾಡಿ ಬಂದ ದಿನಗಳು ನನಗೆ ಉಪಯೋಗಕ್ಕೆ ಬಂದಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಬೇಕು ಎನ್ನುತ್ತದೆ. ಗಂಟೆ ಲೆಕ್ಕ ಹಾಕುವುದು ಸುಲಭ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ವಿಡಿಯೊ ಓಡಲು ಬಿಟ್ಟು, ಒಂದು ಕಡೆ ಅನ್ನ ಬೇಯಿಸಿಕೊಂಡು, ಕೊನೆಯ ಪ್ರಶ್ನೆಗಳಿಗೆ ಟಿಕ್ ಹಾಕಿದರೂ ಗಂಟೆ ಗಂಟೆಯೇ. ಯಾರನ್ನೂ ದೂರುತ್ತಿಲ್ಲ. ಆ ವಿಡಿಯೊ ಮಾಡಿದವರಿಗೆ ನಮ್ಮ ಲೈನ್ ಮನೆಯ ಹುಡುಗ ಗೊತ್ತಿಲ್ಲ, ಹೇಗೆ ಗೊತ್ತಿರಬೇಕು?

ಶಿಕ್ಷಕರೇ ಕೂತು ಮಾಡಿದ್ದು ದೊಡ್ಡದಾಗಿ ಬೆಳೆದ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ನಾಗರಹೊಳೆ ಕಾಡಿನ ಆಚೆ ಬದಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ-ಕಲಿ ಹುಟ್ಟಿತು. ಮಗು ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ ಅದು. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವಂಥ ಕಾರ್ಡುಗಳನ್ನು ತಾವೇ ರೂಪಿಸಿದರು. ಆಮೇಲೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಹಬ್ಬಿದ ಮೇಲೆ ಅದರ ಜೀವ ಎಷ್ಟು ಉಳಿಯಿತು ಎಂಬ ವಾದ ಶಿಕ್ಷಕರ ಕೋಣೆಗಳಲ್ಲಿ ಈಗಲೂ ನಡೆಯುತ್ತದೆ, ಅದು ಬೇರೆ ಮಾತು. ನಾಲ್ಕು ದಿನ ಶಾಲೆಗೆ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬ ಅದರ ಗುಣ ಮಾತ್ರ ಕಾಫಿ ಕುಯ್ಲಿನ ನಾಡಿಗೆ ಹೇಳಿ ಮಾಡಿಸಿದ್ದು.

ಇನ್ನು ಪಾಠದ ಹೊರಗಿನ ಕೆಲಸ. ಶಿಕ್ಷಣ ಹಕ್ಕು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಹುದಾದದ್ದು ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ವಿಪತ್ತಿನ ಕೆಲಸದ ಬಗ್ಗೆ ಕೊಡಗಿನ ಶಿಕ್ಷಕರಲ್ಲಿ ಎರಡು ಮಾತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಶಾಲೆಗಳೇ ಪರಿಹಾರ ಕೇಂದ್ರಗಳಾದವು, ಮನೆ ಕಳೆದುಕೊಂಡವರಲ್ಲಿ ನಮ್ಮದೇ ಮಕ್ಕಳಿದ್ದರು. ಬೇಸರ ಬರುವುದು ಮಿಕ್ಕವುಗಳಿಂದ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಾವೇ ಗಣತಿದಾರರು, ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಎನ್ನುವವಳಲ್ಲ ನಾನು. ನೆಟ್‌ವರ್ಕ್ ಇಲ್ಲದ ತೋಟದ ದಾರಿಯಲ್ಲಿ ಓಟಿಪಿಗಾಗಿ ಫೋನ್ ಎತ್ತಿ ಹಿಡಿದು ದಿಬ್ಬ ಹತ್ತಿದ್ದೇವೆ. ಆದರೆ ಮಳೆಯಿಂದ ಮೊದಲೇ ದಿನಗಳು ತುಂಡಾಗಿರುವ ಜಿಲ್ಲೆಯಲ್ಲಿ ಹೀಗೆ ಹೋದ ದಿನಗಳನ್ನು ಯಾವ ಭಾನುವಾರದಿಂದ ತರುವುದು?

ಇದರ ನಡುವೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸಾಗಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಇರುವವರು ಪರೀಕ್ಷೆ ಇಲ್ಲದೆ ಮುಂದುವರಿಯಬಹುದು, ಬಡ್ತಿ ಬೇಕಾದರೆ ಅವರೂ ಪಾಸಾಗಬೇಕು. ಐವತ್ತು ದಾಟಿದ ಸಹೋದ್ಯೋಗಿಗಳು ಮಗಳ ಪುಸ್ತಕ ಎರವಲು ಪಡೆದು ಮನೋವಿಜ್ಞಾನ ಓದುತ್ತಿದ್ದಾರೆ. ಓದಲಿ, ನಷ್ಟವೇನಿಲ್ಲ. ನನ್ನ ತಕರಾರು ಒಂದೇ. ಹಲ್ಲಿಯಲ್ಲಿ ಮಲೆ ಬರೆದ ಹುಡುಗನನ್ನು ಅರ್ಥ ಮಾಡಿಕೊಂಡ ಆ ಮೇಷ್ಟ್ರ ಜಾಣತನ ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಯಾರಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಬೇಕು. ತನಿಖೆಗೆ ಬಂದವರಂತೆ ಅಲ್ಲ, ಜೊತೆಗಾರರಂತೆ.

ನಾನು ಕೇಳುವುದು ಹೊಸ ಯೋಜನೆಯಲ್ಲ. ಕ್ಲಸ್ಟರ್ ಸಭೆಯ ಅಂಕಿಅಂಶದ ಭಾಗವನ್ನು ವಾಟ್ಸ್‌ಆ್ಯಪ್‌ನಲ್ಲೇ ಮುಗಿಸಿ, ಬೆಳಗಿನ ಅವಧಿಯನ್ನು ಪೂರ್ತಿ ಮಕ್ಕಳ ನೋಟ್‌ಬುಕ್‌ಗಳಿಗೆ ಬಿಟ್ಟುಕೊಡಿ. ಪ್ರತಿ ಶಾಲೆಯಿಂದ ಅರ್ಥವಾಗದ ತಪ್ಪಿರುವ ಒಂದೆರಡು ಪುಸ್ತಕ ಬಂದರೆ ಸಾಕು. ಅತಿಥಿ ಶಿಕ್ಷಕರನ್ನೂ ಕರೆಯಿರಿ. ಎಷ್ಟೋ ಶಾಲೆಗಳಲ್ಲಿ ಪಾಠದ ಭಾರ ಹೊತ್ತಿರುವವರು ಅವರೇ. ಯಾವ ತಿಂಗಳು ಬಿಡುಗಡೆಯಾಗುತ್ತದೋ ಗೊತ್ತಿಲ್ಲದ ಗೌರವಧನಕ್ಕೆ ದುಡಿಯುವವರನ್ನು ಕಲಿಕೆಯಿಂದಲೂ ಹೊರಗಿಡುವುದು ನ್ಯಾಯವಲ್ಲ.

ಕೊನೆಯದಾಗಿ, ಕೇಳುತ್ತಿರುವ ತೋಟದ ಮಾಲೀಕರಿಗೂ ಲೆಕ್ಕ ಬರೆಯುವ ರೈಟರ್‌ಗಳಿಗೂ ಒಂದು ವಿನಂತಿ. ಕುಯ್ಲು ಮುಗಿದು ಕುಟುಂಬವೊಂದು ಲೈನ್ ಮನೆ ಬಿಟ್ಟು ಹೊರಡುವುದು ಶಾಲೆಗಿಂತ ಮೊದಲು ಗೊತ್ತಾಗುವುದು ನಿಮಗೆ. ಲೆಕ್ಕ ಚುಕ್ತಾ ಮಾಡುವ ದಿನ ಹೆಡ್ ಮೇಷ್ಟ್ರಿಗೆ ಒಂದು ಫೋನ್ ಮಾಡಿ. ವರ್ಗಾವಣೆ ಪತ್ರ, ಮಗುವಿನ ದಾಖಲಾತಿ ವಿವರ, ಅದು ಎಲ್ಲಿಯವರೆಗೆ ಕಲಿತಿದೆ ಎಂಬ ಒಂದು ಚೀಟಿ, ಇಷ್ಟನ್ನು ಅವರು ಬಸ್ ಹತ್ತುವ ಮೊದಲು ಕೈಗೆ ಕೊಡುತ್ತೇವೆ. ಮುಂದಿನ ಊರಿನ ಟೀಚರ್‌ಗೆ ಅಷ್ಟು ಕೆಲಸ ಕಡಿಮೆಯಾಗುತ್ತದೆ. ನಮಸ್ಕಾರ.