ಲೆವೆಲ್ ಸೊನ್ನೆಯಿಂದ ಎಷ್ಟು ದೂರ?

ಎಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದಿನ ಮಾತು. ಮೆಕ್ಕೆಜೋಳದ ಸೀಸನ್ನು. ಶನಿವಾರ ಬೆಳಿಗ್ಗೆ ದಾವಣಗೆರೆ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. "ಅಣ್ಣಾ, ಕಂಪ್ಯೂಟರ್ ಏಳ್ತಾನೇ ಇಲ್ಲ." ಹೋಗಿ ನೋಡಿದೆ. ಹಾರ್ಡ್ ಡಿಸ್ಕ್ ಸತ್ತಿತ್ತು. ನನಗೆ ಗಾಬರಿ ಆಗಲಿಲ್ಲ, ಬ್ಯಾಕಪ್ ಇತ್ತಲ್ವಾ. ಹೊಸ ಡಿಸ್ಕ್ ಹಾಕಿ, ಭಾನುವಾರದ ಫುಲ್ ಬ್ಯಾಕಪ್ ತುಂಬಿ, ಅದರ ಮೇಲೆ ಶುಕ್ರವಾರ ರಾತ್ರಿಯದನ್ನು ತುಂಬಿದೆ. ಗುಮಾಸ್ತರು ತೂಕದ ಚೀಟಿಗಳನ್ನು ತೆರೆದು ನೋಡುತ್ತಾ ಹೋದರು. ಗುರುವಾರ ಇದೆ, ಶುಕ್ರವಾರ ಇದೆ. ಸೋಮವಾರ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಮಧ್ಯಾಹ್ನದವರೆಗೆ ಒಂದೂ ಇಲ್ಲ.

ಬ್ಯಾಕಪ್ ಪ್ರತಿ ರಾತ್ರಿ ಆಗಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಹಾಗಾದರೆ ಆ ಚೀಟಿಗಳು ಎಲ್ಲಿ ಹೋದವು? ಅದನ್ನು ಹೇಳೋಕೆ ಮೊದಲು ಲೆವೆಲ್ ಅಂದರೆ ಏನು ಅಂತ ಹೇಳಬೇಕು.

ದೀಪಾವಳಿಗೆ ನಮ್ಮ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಯಾರ್ಯಾರ ಬಾಕಿ ಎಷ್ಟು ಅಂತ ಹಳೆಯದೆಲ್ಲ ಹೊಸ ಪುಸ್ತಕಕ್ಕೆ ಬರುತ್ತದೆ. ಅದು ಲೆವೆಲ್ ಸೊನ್ನೆ, ಅಂದರೆ ಫುಲ್ ಬ್ಯಾಕಪ್. ಅದೊಂದೇ ಇದ್ದರೂ ಆ ದಿನದ ಅಂಗಡಿ ಪೂರ್ತಿ ಸಿಗುತ್ತದೆ. ಆಮೇಲೆ ಬರೆಯುವುದು ಹೊಸ ವ್ಯವಹಾರ ಮಾತ್ರ. ಅದು ಇಂಕ್ರಿಮೆಂಟಲ್.

ಈ ನಂಬರುಗಳು ಹೆಚ್ಚಾಗಿ ಬಳಕೆಗೆ ಬಂದದ್ದು 1970ರ ದಶಕದ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಿಂದ. ಅದರಲ್ಲಿ ಡಂಪ್ ಅನ್ನುವ ಪ್ರೋಗ್ರಾಂ ಇದೆ. 0ಯಿಂದ 9ರವರೆಗೆ ಲೆವೆಲ್ ಕೊಡಬಹುದು. ನಿಯಮ ಒಂದೇ: ತನಗಿಂತ ಚಿಕ್ಕ ನಂಬರಿನ ಬ್ಯಾಕಪ್ ಕೊನೆಯ ಸಲ ಯಾವಾಗ ಆಯ್ತೋ, ಅಲ್ಲಿಂದ ಈಚೆಗೆ ಬದಲಾದ ಫೈಲುಗಳನ್ನು ಮಾತ್ರ ಎತ್ತಿಕೋ. ಅಷ್ಟೇ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಲೆಕ್ಕ.

ಲೆಕ್ಕ ಮಾಡೋಣ. ನಿಮ್ಮ ಹತ್ತಿರ 200 ಜಿಬಿ ಇದೆ, ದಿನಕ್ಕೆ 2 ಜಿಬಿ ಹೊಸ ಫೈಲುಗಳು ಸೇರುತ್ತವೆ ಅಂದುಕೊಳ್ಳಿ. ದಿನಾ ಫುಲ್ ತೆಗೆದರೆ ವಾರಕ್ಕೆ 1400 ಜಿಬಿಗೂ ಜಾಸ್ತಿ ಬೇಕು. ಭಾನುವಾರ ಸೊನ್ನೆ ತೆಗೆದು, ಸೋಮವಾರ 1, ಮಂಗಳವಾರ 2, ಹೀಗೆ ಶನಿವಾರ 6ರವರೆಗೆ ಹತ್ತಿದರೆ 212 ಜಿಬಿ ಸಾಕು. ಭಾರಿ ಉಳಿತಾಯ. ಆದರೆ ಶನಿವಾರ ರಾತ್ರಿ ಡಿಸ್ಕ್ ಹೋದರೆ ಏಳೂ ತುಣುಕು ಬೇಕು, ಅದೂ ಸರಿಯಾದ ಕ್ರಮದಲ್ಲಿ. ಮಂಗಳವಾರದ್ದು ಓದೋಕೆ ಬರಲಿಲ್ಲ ಅಂದರೆ, ಆ ದಿನ ಬಂದು ಮತ್ತೆ ಬದಲಾಗದ ಫೈಲುಗಳು ಹೋದವು.

ಇನ್ನೊಂದು ದಾರಿ, ಸೋಮವಾರದಿಂದ ಶನಿವಾರದವರೆಗೆ ದಿನಾ ಲೆವೆಲ್ 1 ತೆಗೆಯುವುದು. ಪ್ರತಿ ದಿನದ್ದೂ ಭಾನುವಾರದಿಂದಲೇ ಎಣಿಸುತ್ತದೆ. 2, 4, 6 ಅಂತ ಬೆಳೆದು ಶನಿವಾರ 12 ಜಿಬಿ ಆಗುತ್ತದೆ. ಎಲ್ಲ ಸೇರಿ 242 ಜಿಬಿ. ವಾಪಸ್ ತುಂಬೋಕೆ ಎರಡೇ ತುಣುಕು: ಭಾನುವಾರದ್ದು, ಕೊನೆಯದ್ದು. 30 ಜಿಬಿ ಜಾಸ್ತಿ ಕೊಟ್ಟು ಐದು ಅಪಾಯ ಕಳೆದುಕೊಂಡಿರಿ. ಸಣ್ಣ ಅಂಗಡಿಗೆ, ಶಾಲೆಗೆ, ಕ್ಲಿನಿಕ್ಕಿಗೆ ನಾನು ಇದನ್ನೇ ಹೇಳುತ್ತೇನೆ.

ಡಂಪ್‌ನ ಕೈಪಿಡಿಯಲ್ಲಿ ಇವೆರಡರ ನಡುವಿನ ಒಂದು ಚೆಂದದ ಕ್ರಮ ಇದೆ. ಸೊನ್ನೆ ಆದಮೇಲೆ 3, 2, 5, 4, 7, 6, 9, 8, 9, 9. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಕೂತು ಬಿಡಿಸಿದರೆ ಗೊತ್ತಾಯ್ತು. 3ರ ಮರುದಿನ 2 ಬರುತ್ತದೆ. ಈ ಕ್ರಮದಲ್ಲಿ 2ಕ್ಕಿಂತ ಚಿಕ್ಕದು ಸೊನ್ನೆ ಮಾತ್ರ, ಹಾಗಾಗಿ ಅದು ಎರಡೂ ದಿನದ್ದನ್ನು ಎತ್ತಿಕೊಳ್ಳುತ್ತದೆ. ಮೊದಲ ದಿನದ ಕೆಲಸ ಎರಡು ಟೇಪಿನಲ್ಲಿ ಸೇರಿತು. 5 ಮತ್ತು 4ರಲ್ಲೂ ಹೀಗೇ. 8ರವರೆಗೆ ಎಂಟು ದಿನ ಕಳೆದರೂ ವಾಪಸ್ ತುಂಬೋಕೆ 0, 2, 4, 6, 8, ಐದೇ ಸಾಕು.

ಇಲ್ಲಿ ಒಂದು ಗೊಂದಲ ಇದೆ, ಎಚ್ಚರ. ದಿನಾ ಫುಲ್‌ನಿಂದಲೇ ಎಣಿಸುವುದಕ್ಕೆ ಬಹಳ ಕಡೆ ಡಿಫರೆನ್ಷಿಯಲ್ ಅಂತಾರೆ. ಒರಾಕಲ್ ಡೇಟಾಬೇಸಿನ ಬ್ಯಾಕಪ್ ಪ್ರೋಗ್ರಾಂ ಆರ್‌ಮ್ಯಾನ್‌ನಲ್ಲಿ ಅದಕ್ಕೆ ಕ್ಯುಮುಲೇಟಿವ್ ಅಂತ ಹೆಸರು. ಅಲ್ಲಿ ಡಿಫರೆನ್ಷಿಯಲ್ ಲೆವೆಲ್ 1 ಅಂದರೆ ಹಿಂದಿನ 1 ಅಥವಾ 0 ಆದಮೇಲೆ ಬದಲಾದದ್ದು. ಪೂರ್ತಿ ಉಲ್ಟಾ. ಅದಕ್ಕೇ ಹೆಸರು ಕೇಳಬೇಡಿ. "ಯಾವತ್ತಿನಿಂದ ಬದಲಾದದ್ದು?" ಅಂತ ಕೇಳಿ.

ಈಗ ಆ ಅಂಗಡಿಗೆ ಬರೋಣ. ಯಾವತ್ತಿನಿಂದ ಅನ್ನುವುದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಡಂಪ್‌ಗೆ ಹೇಳಿದರೆ ಅದು ಯಾವ ಲೆವೆಲ್ ಯಾವ ದಿನ ಆಯ್ತು ಅಂತ ಬೇರೆ ಕಡತದಲ್ಲಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಒಂದೊಂದು ಫೈಲಿಗೂ ಆರ್ಕೈವ್ ಅನ್ನುವ ಗುರುತು ಇರುತ್ತದೆ. ಫೈಲು ಬದಲಾದರೆ ಗುರುತು ಏಳುತ್ತದೆ. ಎಕ್ಸ್‌ಕಾಪಿ ಕಮ್ಯಾಂಡಿಗೆ ಎ ಅಂತ ಕೊಟ್ಟರೆ ಗುರುತಿರುವ ಫೈಲುಗಳನ್ನು ನಕಲು ಮಾಡಿ, ಗುರುತನ್ನು ಹಾಗೇ ಬಿಡುತ್ತದೆ. ಎಂ ಅಂತ ಕೊಟ್ಟರೆ ನಕಲು ಮಾಡಿ ಗುರುತನ್ನು ಅಳಿಸುತ್ತದೆ.

ಭಾನುವಾರದ ಫುಲ್ ಎಲ್ಲ ಗುರುತನ್ನೂ ಅಳಿಸುತ್ತಿತ್ತು. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟನ್ನು, ಅಂದರೆ ಕಮ್ಯಾಂಡುಗಳ ಪಟ್ಟಿಯನ್ನು, ಎ ಹಾಕಿ ಬರೆದವನು ನಾನೇ. ಹಿಂದಿನ ರಾತ್ರಿಯದನ್ನು ಅಳಿಸಿ ಹೊಸದನ್ನು ಬರೆಯುತ್ತಿತ್ತು. ಕೊನೆಯದರಲ್ಲಿ ಭಾನುವಾರದ ಈಚಿನದೆಲ್ಲ ಇರುತ್ತದೆ, ಹಳೆಯದು ಯಾಕೆ ಅಂತ ನನ್ನ ಲೆಕ್ಕ. ಬುಧವಾರ ಮಧ್ಯಾಹ್ನ ಲೆಕ್ಕಪರಿಶೋಧಕರಿಗೆ ಕೊಡೋಕೆ ಅಂತ ಯಾರೋ ಎಂ ಹಾಕಿ ಪೆನ್ ಡ್ರೈವಿಗೆ ನಕಲು ಮಾಡಿಕೊಂಡರು. ಅವರು ಕೆಟ್ಟದ್ದೇನೂ ಮಾಡಲಿಲ್ಲ. ಆದರೆ ಮೂರು ದಿನದ ಗುರುತು ಅಳಿಸಿಹೋಯಿತು. ಆ ರಾತ್ರಿ ನನ್ನ ಸ್ಕ್ರಿಪ್ಟಿಗೆ ಕಂಡದ್ದು ಸಂಜೆಯ ಚೀಟಿಗಳು ಮಾತ್ರ. ಮಂಗಳವಾರ ರಾತ್ರಿಯ ಬ್ಯಾಕಪ್ಪನ್ನು ಅದೇ ಅಳಿಸಿತ್ತು. ಪೆನ್ ಡ್ರೈವನ್ನು ಅಷ್ಟರಲ್ಲಿ ಯಾರೋ ಫಾರ್ಮ್ಯಾಟ್ ಮಾಡಿ ಆಗಿತ್ತು. ಕಾರ್ಬನ್ ಪ್ರತಿಗಳು ಇದ್ದವು, ಬದುಕಿದೆವು. ನಾನೂ ಗುಮಾಸ್ತರೂ ಭಾನುವಾರ ಪೂರ್ತಿ ಕೂತು, ಒಬ್ಬರು ಓದಿ ಒಬ್ಬರು ಟೈಪ್ ಮಾಡಿ, ರೈತರ ಹೆಸರು, ಚೀಲ, ತೂಕ ಎಲ್ಲ ಮತ್ತೆ ತುಂಬಿದೆವು.

ಈಗ ಅಲ್ಲಿ ಎರಡು ಹೊರಗಿನ ಡಿಸ್ಕ್ ಇವೆ. ವಾರಕ್ಕೊಂದು ಬದಲಾಗುತ್ತದೆ, ಇನ್ನೊಂದು ಮಾಲೀಕರ ಮನೆಯ ಬೀರುವಿನಲ್ಲಿರುತ್ತದೆ. ಲೆವೆಲ್ 1ನ್ನು ದಿನಾಂಕ ನೋಡಿ ತೆಗೆಯುತ್ತೇವೆ, ಗುರುತು ನೋಡಿ ಅಲ್ಲ. ಒಂದು ವಾರದ್ದನ್ನು ಅಳಿಸದೆ ಇಡುತ್ತೇವೆ. ತಿಂಗಳಿಗೊಮ್ಮೆ ಗುಮಾಸ್ತರು ತಮಗಿಷ್ಟ ಬಂದ ಒಂದು ತಾರೀಖು ಹೇಳುತ್ತಾರೆ, ಆ ದಿನದ ಚೀಟಿಯನ್ನು ಬ್ಯಾಕಪ್‌ನಿಂದ ತೆಗೆದು ಕಾಗದದ ಜೊತೆ ಇಟ್ಟು ನೋಡುತ್ತೇವೆ.

ಅಂಥದ್ದೇ ಒಂದು ಡಿಸ್ಕನ್ನು ಪುಡಿ ಫೈಲುಗಳನ್ನು ತುಂಬಿ ಇಲ್ಲಿಗೆ ತಂದಿದ್ದೇನೆ. ಸೊನ್ನೆಯ ಜೊತೆ ಆರು ದಿನದ ಲೆವೆಲ್ 1 ಇವೆ. ಮುಂದಿನ ಸಾಲಿನವರು ಯಾರಾದರೂ ಬನ್ನಿ, ಗುರುವಾರದ ಅಂಗಡಿಯನ್ನು ವಾಪಸ್ ತನ್ನಿ ನೋಡೋಣ.