ಎದೆನೋವು ಅಂದವರ ಬೆನ್ನು ಲಟಕ್ ಅನ್ನಿಸುವ ಮೊದಲು

ನಮಸ್ಕಾರ. ಮಂಗಳೂರಿನ ದಕ್ಕೆಯಲ್ಲಿ ಮೀನಿನ ಕ್ರೇಟ್ ಹೊರುವವರು ಒಬ್ಬರಿದ್ದಾರೆ ಅಂದುಕೊಳ್ಳಿ. ವಯಸ್ಸು ಐವತ್ತೈದು. ಎರಡು ದಿನದಿಂದ ಎಡಗಡೆ ಬೆನ್ನು, ಎದೆ ಹಿಡಿದುಕೊಂಡ ಹಾಗೆ ನೋವು. ಮನೆಯವರು ಗ್ಯಾಸ್ ಅಂತಾರೆ, ಜೊತೆಯವರು ಉಳುಕು ಅಂತಾರೆ. ಇವರು ರೀಲ್ಸ್ ನೋಡಿ, ಬೆನ್ನು ಲಟಕ್ ಅನ್ನಿಸಿದರೆ ಸರಿಹೋಗುತ್ತದೆ ಅಂತ ಕೈರೋಪ್ರಾಕ್ಟಿಕ್, ಅಂದರೆ ಕೈಯಿಂದಲೇ ಬೆನ್ನುಮೂಳೆ, ಕೀಲು ಒತ್ತುವ ಚಿಕಿತ್ಸೆ, ಮಾಡುವವರ ಹತ್ತಿರ ಹೋಗುತ್ತಾರೆ.

ಒತ್ತಬೇಕಾ? ಬೇಡವಾ?

ಕೈರೋಪ್ರಾಕ್ಟಿಕ್ ಕಲಿಯುವ ಹುಡುಗರಿಗೆ ಎದೆ, ಹೊಟ್ಟೆಯ ಪಾಠ ಮಾಡುವುದು ಈ ಪ್ರಶ್ನೆಗೋಸ್ಕರ. 1895ರಲ್ಲಿ ಅಮೆರಿಕದ ಡ್ಯಾವನ್‌ಪೋರ್ಟ್ ಊರಲ್ಲಿ ಡಿ.ಡಿ. ಪಾಮರ್ ಇದನ್ನು ಶುರು ಮಾಡಿದಾಗ, ಹೆಚ್ಚುಕಮ್ಮಿ ಎಲ್ಲ ಕಾಯಿಲೆಗೂ ಬೆನ್ನೆಲುಬೇ ಮೂಲ ಅಂತ ನಂಬಿದ್ದರು. ಆ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆಸ್ತಮಾ ಇರುವ ಮಕ್ಕಳ ಮೇಲೆ ಕೆನಡಾದಲ್ಲಿ ಮಾಡಿದ ಒಂದು ಪರೀಕ್ಷೆಯ ಫಲಿತಾಂಶ 1998ರಲ್ಲಿ ಬಂತು: ನಿಜವಾಗಿ ಬೆನ್ನು ಒತ್ತಿದ್ದಕ್ಕೂ, ಒತ್ತಿದ ಹಾಗೆ ನಟಿಸಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬೆನ್ನು ಒತ್ತಿ ಆಸ್ತಮಾ ವಾಸಿ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ ಮಾರಾಯ್ರೇ.

(ಸ್ಕ್ರೀನ್ ಮೇಲೆ: ಪಕ್ಕೆಲುಬಿನ ಚಿತ್ರ)

ಮತ್ತೆ ಅವರು ಕಲಿಯುವುದೇನು? ಮೊದಲು ನೋಡುವುದು, ಮುಟ್ಟುವುದು, ಬಡಿಯುವುದು, ಕೇಳುವುದು. ಈ ಬಡಿಯುವುದು ನಮಗೆ ಹೊಸದಲ್ಲ. ಹಲಸಿನಕಾಯಿ ಬೆಳೆದಿದೆಯಾ ಅಂತ ನಮ್ಮಲ್ಲಿ ಬೆರಳಲ್ಲಿ ಬಡಿದು ನೋಡುತ್ತಾರಲ್ಲ, ಅದೇ ಲೆಕ್ಕ. ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಅನ್ನುವ ವೈದ್ಯರು 1761ರಲ್ಲಿ ಈ ವಿಧಾನದ ಬಗ್ಗೆ ಬರೆದರು. ಅವರ ಅಪ್ಪ ಛತ್ರ ನಡೆಸುತ್ತಿದ್ದರಂತೆ, ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟಿದೆ ಅಂತ ಬಡಿದೇ ಪತ್ತೆ ಮಾಡುತ್ತಿದ್ದರಂತೆ. ಶ್ವಾಸಕೋಶದಲ್ಲಿ ಗಾಳಿ ಇದ್ದರೆ ಟೊಳ್ಳು ಸದ್ದು, ಅಲ್ಲಿ ನೀರು ತುಂಬಿದ್ದರೆ ಮೊದ್ದು ಸದ್ದು. ಹೊಟ್ಟೆಯ ವಿಷಯದಲ್ಲಿ ಮಾತ್ರ ಕ್ರಮ ಬೇರೆ: ಒತ್ತುವ ಮೊದಲೇ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಯಾಕೆಂದರೆ ಒತ್ತಿದರೆ ಕರುಳಿನ ಸದ್ದೇ ಬದಲಾಗಬಹುದು.

ನನಗೆ ತುಂಬಾ ಇಷ್ಟವಾದ ಉಪಾಯ ಒಂದುಂಟು. ನೋವಿರುವ ಜಾಗವನ್ನು ಒತ್ತಿ ಹಿಡಿದು, ಮಲಗಿದವರಿಗೆ ತಲೆ, ಭುಜ ಸ್ವಲ್ಪ ಎತ್ತಿ ಅಂತ ಹೇಳುತ್ತಾರೆ. ಆಗ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ನೋವು ಜಾಸ್ತಿಯಾದರೆ ಅದು ಹೆಚ್ಚಾಗಿ ಹೊಟ್ಟೆಯ ಗೋಡೆಯದ್ದು. ಕಡಿಮೆಯಾದರೆ ಒಳಗಿನದ್ದು ಇರಬಹುದು, ಯಾಕೆಂದರೆ ಬಿಗಿಯಾದ ಸ್ನಾಯು ಒಳಗಿರುವುದಕ್ಕೆ ತಡೆಗೋಡೆ ಆಗಿಬಿಡುತ್ತದೆ.

ನೋವು ಸುಳ್ಳು ವಿಳಾಸ ಕೊಡುವುದರಲ್ಲಿ ಗಟ್ಟಿ. ಪಿತ್ತಕೋಶದಲ್ಲಿ ಕಲ್ಲಿದ್ದರೆ ನೋವು ಬಲಗಡೆ ಭುಜ, ಬೆನ್ನಿನ ರೆಕ್ಕೆಯ ಹತ್ತಿರ ಕಾಣಬಹುದು. ಕಿಡ್ನಿಯ ಕಲ್ಲು ಸೊಂಟದಿಂದ ತೊಡೆಸಂದಿಗೆ ಇಳಿಯುತ್ತದೆ. ಸರ್ಪಸುತ್ತು ಆದರೆ ಗುಳ್ಳೆ ಏಳುವ ಕೆಲವು ದಿನ ಮೊದಲೇ ಪಕ್ಕೆಯಲ್ಲಿ ಉರಿ ಶುರುವಾಗಬಹುದು, ಆಗ ಚರ್ಮದ ಮೇಲೆ ಏನೂ ಕಾಣದೆ ಎಲ್ಲರೂ ಉಳುಕು ಅಂದುಕೊಳ್ಳುತ್ತಾರೆ. ಇದೆಲ್ಲಕ್ಕಿಂತ ಭಯ ಹುಟ್ಟಿಸುವುದು ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿಕೊಳ್ಳುವುದು. ವಯಸ್ಸಾದ, ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ ಜಾಸ್ತಿ. ಬರೀ ಬೆನ್ನುನೋವು ಅಂತಲೇ ಬರುತ್ತಾರೆ, ಆದರೆ ಹೊಕ್ಕಳಿನ ಮೇಲೆ ಕೈಯಿಟ್ಟರೆ ದಪ್ಪ ಮಿಡಿತ ಸಿಗಬಹುದು. ಅಲ್ಲಿ ಲಟಕ್ ಅನ್ನಿಸಲು ಹೋಗುವಂತಿಲ್ಲ, ಸೀದಾ ಆಸ್ಪತ್ರೆ.

ಹಾಗಾದರೆ ಇವರು ಚಿಕಿತ್ಸೆ ಕೊಡುವುದು ಯಾವುದಕ್ಕೆ? ಪಕ್ಕೆಲುಬು ಹನ್ನೆರಡು ಜೊತೆ, ಎಲ್ಲವೂ ಹಿಂದೆ ಬೆನ್ನುಮೂಳೆಗೆ ಸೇರುತ್ತವೆ. ಆ ಕೀಲು ಹಿಡಿದುಕೊಂಡು, ಉಸಿರೆಳೆದಾಗ, ತಿರುಗಿದಾಗ ಚುಚ್ಚುವ ನೋವಿಗೆ ನಿಧಾನವಾಗಿ ಕೀಲು ಸಡಿಲಿಸುತ್ತಾರೆ, ಸ್ನಾಯು ಒತ್ತುತ್ತಾರೆ, ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಾರೆ. ಮೂಳೆ ಸವೆದ ಅಜ್ಜ ಅಜ್ಜಿಯರಿಗೆ ಜೋರಾಗಿ ಒತ್ತಿದರೆ ಪಕ್ಕೆಲುಬೇ ಮುರಿದೀತು, ಅದನ್ನೂ ಕಲಿಸುತ್ತಾರೆ.

ಈಗ ನಮ್ಮ ದಕ್ಕೆಯವರು. ಚೆನ್ನಾಗಿ ಕಲಿತ ಹುಡುಗ ಮೊದಲು ಕೇಳುತ್ತಾನೆ: "ಮೆಟ್ಟಿಲು ಹತ್ತಿದರೆ ನೋವು ಜಾಸ್ತಿ ಆಗುತ್ತದಾ? ಬೆವರು ಬರುತ್ತದಾ? ಕೂತರೆ ಕಡಿಮೆ ಆಗುತ್ತದಾ?" ಮೂರಕ್ಕೂ ಅವರು ಹೌದು ಅಂದರೆ ಬೆನ್ನು ಮುಟ್ಟುವ ಮಾತೇ ಇಲ್ಲ. ಎದೆ ಒತ್ತಿದಾಗ ನೋವಾಯಿತು ಅಂತಲೂ ಹೃದಯವನ್ನು ಬಿಟ್ಟುಬಿಡುವಂತಿಲ್ಲ, ಎರಡೂ ಒಟ್ಟಿಗೆ ಇರಬಹುದು. 108ಕ್ಕೆ ಕರೆ, ಹತ್ತಿರದ ಆಸ್ಪತ್ರೆ, ಇಸಿಜಿ. ಕ್ರೇಟ್ ಇಳಿಸಲು ಬೇರೆ ಯಾರಾದರೂ ಸಿಗುತ್ತಾರೆ.